ಓರಗಿತ್ತಿಯ ಹೊಗೆ

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ, ಆರನೇ ಮೈಲಿಯ ಹತ್ತಿರ, ತೆಂಗಿನ ತೋಟಗಳ ನಡುವೆ ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳಿದ್ದವು. ಪೂರ್ವದ ಮನೆ ಅಂಕಮ್ಮನದು. ಪಶ್ಚಿಮದ್ದು ಅವಳ ಮೈದುನನ ಹೆಂಡತಿ ಹೊಂಬಾಳಮ್ಮನದು. ದಿಕ್ಕುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದಕ್ಕೆಲ್ಲ ಗಾಳಿಯೂ ಒಂದು ಕಾರಣ.

ಅಂಕಮ್ಮ ಹುಳಿಯಾರು ಕಡೆಯ ಕುರಿ ಸಾಕುವವರ ಮನೆಯ ಮಗಳು. ಗಂಡ ಕರಿಯಪ್ಪ ಕಾಯಿ ಸುಲಿಯುವವನು. ಅಟ್ಟದಿಂದ ಇಳಿಸಿದ ಕಾಯಿಯನ್ನು ಒಡೆದು ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪನ್ನು ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡುವುದನ್ನು ಅವಳು ಅತ್ತೆಯಿಂದ ಕಲಿತಳು. ಚಿಪ್ಪಿಗೆ ಬೆಂಕಿ ಹಚ್ಚುವುದು ಯಾರಿಗಾದರೂ ಬರುತ್ತದೆ, ಯಾವಾಗ ಮುಚ್ಚಬೇಕೆಂಬುದು ವಿದ್ಯೆ. ಹೊಗೆ ಮೊದಲು ದಟ್ಟ ಬಿಳಿ, ಆಮೇಲೆ ಹಳದಿ, ಕೊನೆಗೆ ತೆಳು ನೀಲಿ. ನೀಲಿ ಕಂಡ ಕೂಡಲೇ ತಗಡು ಮುಚ್ಚಿ ಮಣ್ಣು ಮೆತ್ತಬೇಕು. ತಡವಾದರೆ ಬೂದಿ, ಅವಸರ ಮಾಡಿದರೆ ಅರೆಬೆಂದ ಚಿಪ್ಪು. ಆರಿದ ಎರಡು ತುಂಡುಗಳನ್ನು ತಾಕಿಸಿ ಅಂಕಮ್ಮ ಕಿವಿಗೊಡುತ್ತಿದ್ದಳು. ಕಂಚಿನ ಹಾಗೆ ಖಣ್ ಎಂದರೆ ಸರಿ.

ಹೊಂಬಾಳಮ್ಮ ಮದುವೆಯಾಗಿ ಬಂದಾಗ ಇದನ್ನೆಲ್ಲ ಅವಳಿಗೆ ಕಲಿಸಿದವಳು ಅಂಕಮ್ಮನೇ. ಹಾಗೆ ಕಲಿಸಿದ್ದನ್ನು ಆಮೇಲೆ ಒಂದು ದಿನವೂ ಮರೆಯಲಿಲ್ಲ, ಕ್ಷಮಿಸಲೂ ಇಲ್ಲ. ಓರಗಿತ್ತಿಯ ಹಸು ಹೆಣ್ಣುಗರು ಹಾಕಿದರೆ ಅಂಕಮ್ಮನಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಓರಗಿತ್ತಿಯ ಬಾವಿಯ ಹಗ್ಗ ಹೊಸದಾದರೆ ತನ್ನ ಹಗ್ಗ ಇನ್ನೂ ಗಟ್ಟಿಯಿದ್ದರೂ ಬದಲಾಯಿಸುತ್ತಿದ್ದಳು. "ಅಂಕಮ್ಮನ ಹೊಟ್ಟೆ ಮೇಲೆ ಚಿಪ್ಪು ಸುರಿದ್ರೆ ಸಾಕು ಕಣ್ಲಾ, ಬೆಂಕಿಕಡ್ಡೀನೇ ಬ್ಯಾಡ" ಎಂದು ರಸ್ತೆ ಕೆಲಸದ ಮಾಯಣ್ಣ ನಗುತ್ತಿದ್ದ.

ಇಬ್ಬರ ಇದ್ದಿಲನ್ನೂ ಕೊಳ್ಳುತ್ತಿದ್ದವರು ತಿಪಟೂರಿನ ವರ್ತಕರಾದ ಮರುಳಸಿದ್ದಯ್ಯನವರು. 1981ರ ಬೇಸಿಗೆಯಲ್ಲಿ ಅವರು ಎರಡು ಕಾಗದದ ಪೊಟ್ಟಣ ಹಿಡಿದು ನಾನು ಡೆಮಾನ್ಸ್ಟ್ರೇಟರ್ ಆಗಿದ್ದ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಬಂದರು. ಒಂದರ ಮೇಲೆ 1, ಇನ್ನೊಂದರ ಮೇಲೆ 2 ಎಂದು ಬರೆದಿತ್ತು. ಮದರಾಸಿನ ಒಂದು ಕಾರ್ಖಾನೆ ಚಿಪ್ಪಿನ ಇದ್ದಿಲಿಗೆ ಹಬೆ ಕೊಟ್ಟು ಹದಮಾಡಿ ಜರ್ಮನಿಗೆ ಕಳಿಸುತ್ತಿತ್ತು. ಅಲ್ಲಿ ಕಾರ್ಖಾನೆಗಳ ಕೊಳೆ ಸೇರಿ ನದಿಯ ನೀರು ವಾಸನೆ ಬರುತ್ತಿತ್ತು. ಊರಿನ ನಲ್ಲಿಗೆ ಬಿಡುವ ಮೊದಲು ಆ ನೀರನ್ನು ಇಂಥ ಇದ್ದಿಲಿನ ಮೂಲಕ ಹಾಯಿಸಿ ಶುದ್ಧ ಮಾಡುತ್ತಿದ್ದರು. ಅದಕ್ಕೆ ಬೂದಿ ಕಡಿಮೆಯಿರುವ ಇದ್ದಿಲು ಬೇಕು. ಕಾರ್ಖಾನೆಯವರು ಮುಚ್ಚಳ, ಕೊಳವೆ ಇರುವ ಒಂದು ಸುಡುವ ಡ್ರಮ್ಮನ್ನು ಕೊಟ್ಟಿದ್ದರು. ಯಾರ ಇದ್ದಿಲಿನಲ್ಲಿ ಬೂದಿ ಕಡಿಮೆಯೋ ಅವರಿಗೆ ಡ್ರಮ್ಮು.

ನಾನು ಮೂಸೆಯಲ್ಲಿ ಸುಟ್ಟು ತೂಗಿದೆ. ಒಂದನೆಯದು ನೂರಕ್ಕೆ 3.1, ಎರಡನೆಯದು 2.4. ಒಂದನೆಯದು ಅಂಕಮ್ಮನದೆಂದು ನನಗೆ ತಿಳಿದದ್ದು ಮೂರನೆಯ ದಿನ, ಅವಳು ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತಾಗ.

"ನೀವೇನಾ ಮೇಷ್ಟ್ರೇ, ನನ್ನ ಇದ್ದಿಲು ಸುಟ್ಟೋರು? ಇದ್ದಿಲು ಸುಟ್ರೆ ಬೂದಿ ಬರದೆ ಬೆಳ್ಳಿ ಬತ್ತದಾ?"

ಬೂದಿಯನ್ನು ತೋರಿಸಿದೆ. ಅದರಲ್ಲಿ ಮರಳಿನ ಕಾಳುಗಳಿದ್ದವು. ಅವಳ ಗುಂಡಿ ಹಳೆಯದು, ಅದರ ಗೋಡೆಯ ಮಣ್ಣು ಉದುರುತ್ತಿತ್ತು. ಹೊಂಬಾಳಮ್ಮ ತನ್ನ ಗುಂಡಿಗೆ ಕಲ್ಲುಚಪ್ಪಡಿ ಕಟ್ಟಿಸಿಕೊಂಡಿದ್ದಳು. "ಸುಡುವುದರಲ್ಲಿ ನಿಮ್ಮ ತಪ್ಪಿಲ್ಲ" ಎಂದೆ. ಅದು ನಿಜವೂ ಹೌದು.

"ಕಲಿಸಿದೋಳು ನಾನು, ಡ್ರಮ್ಮು ಅವಳಿಗೆ!" ಎಂದು ಅಂಕಮ್ಮ ತಿರುಗಿ ಹೊರಟುಹೋದಳು.

ಮರುಳಸಿದ್ದಯ್ಯನವರು ಇನ್ನೊಂದು ಮಾತನ್ನೂ ಹೇಳಿದ್ದರು. ದೀಪಾವಳಿಯಿಂದಾಚೆಗೆ ಗುಂಡಿಯ ಇದ್ದಿಲನ್ನು ಕೊಳ್ಳುವುದಿಲ್ಲ. ಅಂದರೆ ಅಂಕಮ್ಮ ಅಷ್ಟರೊಳಗೆ ತನ್ನದೇ ಡ್ರಮ್ಮು ಮಾಡಿಕೊಳ್ಳಬೇಕು. ಇಲ್ಲವಾದರೆ ಓರಗಿತ್ತಿಯ ಡ್ರಮ್ಮಿಗೆ ಚಿಪ್ಪು ಹೊತ್ತುಹಾಕುವ ಆಳಾಗಬೇಕು.

ಜೂನ್ ತಿಂಗಳಲ್ಲಿ ಪಡುವಣ ಗಾಳಿ ಶುರುವಾಯಿತು. ಹೊಂಬಾಳಮ್ಮನ ಡ್ರಮ್ಮಿನ ಕೊಳವೆ ಹದಿನಾಲ್ಕು ಅಡಿ ಎತ್ತರ. ಅವಳ ಅಂಗಳದಲ್ಲಿ ಹೊಗೆಯ ಸುಳಿವೇ ಇಲ್ಲ. ಕೊಳವೆಯ ತುದಿಯಿಂದ ಹೊರಟದ್ದು ಗೋಡೆ ದಾಟಿ ನೇರವಾಗಿ ಅಂಕಮ್ಮನ ಅಂಗಳಕ್ಕೆ ಇಳಿಯುತ್ತಿತ್ತು. ಒಣಹಾಕಿದ ಸೀರೆ ಕಂದಾಯಿತು. ತೊಟ್ಟಿಯ ನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟಿತು. ಅದಕ್ಕಿಂತ ಸಂಕಟದ ವಿಷಯವೆಂದರೆ, ಹೊಂಬಾಳಮ್ಮ ಈಗ ಚಿಪ್ಪು ಸುಡುವ ದಿನವೂ ತಲೆಗೆ ಹೂವು ಮುಡಿಯುತ್ತಿದ್ದಳು.

ಡ್ರಮ್ಮು ಹೇಗೆ ನಡೆಯುತ್ತಿದೆಯೆಂದು ನೋಡಿ ಬರಲು ಮರುಳಸಿದ್ದಯ್ಯನವರು ಹೇಳಿದ್ದರಿಂದ ನಾನು ಒಂದು ಭಾನುವಾರ ಹೋದೆ. ಗೋಡೆಯ ಎರಡೂ ಕಡೆ ಜಗಳ ನಡೆದಿತ್ತು.

"ನಿನ್ನ ಕೊಳವೆ ಆಚೆ ತಿರುಗಿಸ್ಕೊಳೇ!"

"ಗಾಳೀಗೆ ಹೇಳಕ್ಕ, ನನಗ್ಯಾಕೆ ಹೇಳ್ತೀಯ? ಮೂಡಗಾಳೀಲಿ ನಿನ್ನ ಗುಂಡಿ ಹೊಗೆ ಹತ್ತು ವರ್ಷ ಕುಡಿದಿದೀನಿ. ನೀನು ಎಲ್ಡು ತಿಂಗಳು ಕುಡಿ."

ನನ್ನನ್ನು ಕಂಡು ಅಂಕಮ್ಮ ತೊಟ್ಟಿಯ ಹತ್ತಿರ ಕರೆದೊಯ್ದು ನೀರು ತೋರಿಸಿದಳು. "ನೋಡಿ ಮೇಷ್ಟ್ರೇ. ಜರ್ಮನಿಯೋರ ನೀರು ತೊಳೆಯಕ್ಕೆ ನನ್ನ ನೀರು ಕೆಡಬೇಕಾ?"

ಆ ತಿಂಗಳಷ್ಟೇ ಒಂದು ವಿಜ್ಞಾನ ಪತ್ರಿಕೆಯಲ್ಲಿ ಓದಿದ್ದನ್ನು ಅವಳಿಗೆ ಹೇಳಿದೆ. ಇಂಗ್ಲೆಂಡಿನಲ್ಲಿ ಹೊಗೆಯಿಂದ ಜನ ಸತ್ತ ಮೇಲೆ ಹೊಗೆಯ ವಿರುದ್ಧ ಕಾನೂನು ಮಾಡಿದರು, ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿಗೆ ಆರೇಳು ನೂರು ಅಡಿಯ ಚಿಮಣಿ ಕಟ್ಟಿದರು. ಅವರ ಊರುಗಳ ಗಾಳಿ ತಿಳಿಯಾಯಿತು. ಹೊಗೆ ಸಮುದ್ರ ದಾಟಿ ನಾರ್ವೆ ಎಂಬ ದೇಶದಲ್ಲಿ ಹುಳಿಮಳೆಯಾಗಿ ಸುರಿದು, ಕೆರೆಗಳಲ್ಲಿ ಮೀನು ಸತ್ತವು.

"ನಾರ್ವೆಯೋರು ಸುಮ್ಕಿದ್ರಾ?"

"ಹತ್ತು ವರ್ಷದಿಂದ ದೂರು ಹೇಳ್ತಾ ಇದ್ದಾರೆ. ಇಂಗ್ಲೆಂಡಿನವರು, ಆ ಹೊಗೆ ನಮ್ಮದೇ ಅನ್ನೋದಕ್ಕೆ ಏನು ಗುರುತು ಅಂತಾರೆ. ಎರಡು ವರ್ಷದ ಹಿಂದೆ ಮೂವತ್ತಕ್ಕೂ ಹೆಚ್ಚು ದೇಶಗಳು ಕೂತು ಹೊಗೆ ಕಡಿಮೆ ಮಾಡೋಣ ಅಂತ ಒಪ್ಪಂದ ಬರೆದಿವೆ."

ಅಂಕಮ್ಮ ಗೋಡೆಯ ಕಡೆ ನೋಡಿದಳು. "ಹಂಗಾದ್ರೆ ಅವ್ರೂ ಓರಗಿತ್ತೀರೇ ಬುಡಿ."

ತೊಟ್ಟಿಯ ಪೊರೆಯನ್ನು ಕೈಯಿಂದ ಸರಿಸುತ್ತ, "ಒಪ್ಪಂದ ಬುಡಿ. ಹೊಗೇನ ಏನು ಮಾಡ್ತಾರೆ?" ಎಂದು ಕೇಳಿದಳು.

ಕಲ್ಲಿದ್ದಲಿನ ಹೊಗೆಯಲ್ಲಿ ಗಂಧಕ ಇರುವುದರಿಂದ ಅದನ್ನು ಸುಣ್ಣದ ನೀರಿನಲ್ಲಿ ತೊಳೆಯಬೇಕು. ಜಪಾನಿನಲ್ಲಿ, ಜರ್ಮನಿಯಲ್ಲಿ ಅದನ್ನು ಶುರುಮಾಡಿದ್ದಾರೆ. ಚಿಪ್ಪಿನ ಹೊಗೆ ಬೇರೆ ಜಾತಿಯದು. ಅದರಲ್ಲಿ ಉರಿಯುವ ಅನಿಲಗಳಿವೆ. ಸಾಕಷ್ಟು ಗಾಳಿ ಕೊಟ್ಟು ಬೆಂಕಿಯ ಮೇಲೆ ಹಾಯಿಸಿದರೆ ಹೊಗೆಯೇ ಸುಟ್ಟುಹೋಗುತ್ತದೆ ಎಂದೆ.

"ಹಂಡೆ ಒಲೆ ಹಂಗೆ" ಎಂದಳು ಅಂಕಮ್ಮ ತಟಕ್ಕನೆ. "ಹಸಿ ಮಟ್ಟೆ ಇಟ್ರೆ ಹೊಗೆ ತುಂಬ್ತದೆ. ಬಾಯಿಗೊಂದು ಉರಿಯೋ ಗರಿ ಹಿಡಿದ್ರೆ ಭಗ್ ಅಂತ ಹೊಗೇನೇ ಹತ್ಕೊಳ್ತದೆ."

ನಾನು ತಲೆಯಾಡಿಸಿದೆ. ಅಷ್ಟು ಸರಿಯಾಗಿ ನನ್ನ ವಿದ್ಯಾರ್ಥಿಗಳೂ ಹೇಳುತ್ತಿರಲಿಲ್ಲ.

ಒಂದು ಗೊನೆ ಎಳನೀರು ಕೊಟ್ಟು ಮಾಯಣ್ಣನಿಂದ ಖಾಲಿ ಡಾಂಬರು ಡ್ರಮ್ಮು ತರಿಸಿದಳು. ಮೊದಲ ಸುಡುವಿಕೆ ಡಾಂಬರಿನ ವಾಸನೆಗೇ ಹೋಯಿತು. ಎರಡನೆಯದರಲ್ಲಿ ಮುಚ್ಚಳ ಹಾರಿ ಕರಿಯಪ್ಪನ ಹುಬ್ಬು ಸೀದಿತು. "ಅವಳ ಮೇಲಿನ ಸಿಟ್ಟಿಗೆ ನನ್ನ ಯಾಕೆ ಸುಡ್ತೀಯೇ?" ಎಂದು ಅವನು ಮೂರು ದಿನ ಡ್ರಮ್ಮಿನ ಹತ್ತಿರ ಸುಳಿಯಲಿಲ್ಲ. ಅಂಕಮ್ಮ ಬಿಡಲಿಲ್ಲ. ಕೊಳವೆಯನ್ನು ಮೇಲಕ್ಕೆ ಎತ್ತದೆ ಬಗ್ಗಿಸಿ, ಬಚ್ಚಲ ಹಂಡೆ ಒಲೆಯ ಬಾಯಿಗೆ ತಂದಳು. ಕೊಳವೆಯ ತುದಿಗೂ ಒಲೆಯ ಬಾಯಿಗೂ ನಡುವೆ ಎಷ್ಟು ಸಂದು ಬಿಟ್ಟರೆ ಹೊಗೆ ಪೂರ್ತಿ ಉರಿಯುತ್ತದೆಂದು ಬೆರಳಿಟ್ಟು ನೋಡಿದಳು. ಒಂದು ಬೆರಳಿಗೆ ಕಪ್ಪು ಹೊಗೆ, ಎರಡಕ್ಕೆ ತೆಳು ಹೊಗೆ, ಮೂರಕ್ಕೆ ಏನೂ ಇಲ್ಲ. ಹಂಡೆಯ ನೀರು ಮರಳತೊಡಗಿತು.

ಶ್ರಾವಣದಲ್ಲಿ ಮರುಳಸಿದ್ದಯ್ಯನವರು ಇಬ್ಬರ ಪೊಟ್ಟಣಗಳನ್ನೂ ಮತ್ತೆ ತಂದುಕೊಟ್ಟರು. ಫಲಿತಾಂಶ ಕೇಳಲು ಅಂಕಮ್ಮ ತಾನೇ ಬಂದಳು.

"ನಿಮ್ಮದು 1.9" ಎಂದೆ.

"ಅವಳದು?"

"ಅದೂ 1.9."

"ಸಮಾನಾ?" ಅವಳ ಮುಖ ಇಳಿಯಿತು. "ಇನ್ನೊಂದ್ಸಲ ಸುಟ್ಟು ನೋಡಿ ಮೇಷ್ಟ್ರೇ."

ಇನ್ನೊಂದು ಸಲ ಸುಟ್ಟೆ. ಅಷ್ಟೇ ಬಂತು. ದೀಪಾವಳಿಯ ಭಯ ತೀರಿತು. ಮರುಳಸಿದ್ದಯ್ಯನವರು ಅವಳ ಇದ್ದಿಲನ್ನೂ ಕೊಳ್ಳುವರು. ಆದರೆ ಅವಳಿಗೆ ಅಷ್ಟು ಸಾಲದು. ಓರಗಿತ್ತಿಗಿಂತ ತಾನು ಮೇಲು ಎನ್ನಲು ಈಗ ಉಳಿದದ್ದು ಹೊಗೆಯಿಲ್ಲದ ಆ ಬಚ್ಚಲ ಒಲೆ ಒಂದೇ.

ಅಲ್ಲೇ ಅವಳು ಸಿಕ್ಕಿಹಾಕಿಕೊಂಡಳು. ಅವಳ ಡ್ರಮ್ಮು ಹೊಗೆಯುಗುಳುತ್ತಿರಲಿಲ್ಲ, ಆದರೂ ಅಂಗಳದಲ್ಲಿ ಹೊಗೆ ಇದ್ದೇ ಇತ್ತು, ಏಕೆಂದರೆ ಗಾಳಿ ಇನ್ನೂ ಪಶ್ಚಿಮದ್ದೇ. ಹೊಂಬಾಳಮ್ಮನ ಹೊಗೆ ನಿಲ್ಲಬೇಕಾದರೆ ಹೊಂಬಾಳಮ್ಮನಿಗೆ ಉಪಾಯ ಹೇಳಿಕೊಡಬೇಕು. ಒಮ್ಮೆ ಕಲಿಸಿ ಕೆಟ್ಟವಳು ಎರಡನೆಯ ಸಲ ಕಲಿಸುವುದೇ? ಇಪ್ಪತ್ತು ದಿನ ಅಂಕಮ್ಮ ಕೆಮ್ಮಿಕೊಂಡು ಓಡಾಡಿದಳು. ಕೇಳಲು ಹೊಂಬಾಳಮ್ಮನಿಗೂ ಬಾಯಿ ಬರಲಿಲ್ಲ. ಹಂಡೆಯ ಬಿಸಿನೀರು ಒಯ್ಯಲು ಊರಿನವರೆಲ್ಲ ಬಂದರು, ಅವಳೊಬ್ಬಳು ಬರಲಿಲ್ಲ.

ಗೌರಿಹಬ್ಬದ ಹಿಂದಿನ ದಿನ ನಾನು ಅಲ್ಲಿದ್ದೆ. ಹಬ್ಬಕ್ಕೆ ಒಗೆದು ಹರವಿದ ಸೀರೆಯ ಮೇಲೆ ಮಸಿ ಬಿದ್ದಿತ್ತು. ಅಂಕಮ್ಮ ಅದನ್ನು ಕೊಡವಿ ನೋಡಿದಳು, ಗೋಡೆಯ ಹತ್ತಿರ ಹೋಗಿ ನಿಂತಳು, ಹಿತ್ತಿಲಲ್ಲಿದ್ದ ಗಂಡನನ್ನು ಊರಿಗೆಲ್ಲ ಕೇಳುವಂತೆ ಕೂಗಿದಳು.

"ಏನಂದ್ರೆ! ಕೊಳವೆ ಬಗ್ಗಿಸಿ ಒಲೆ ಬಾಯಿಗೆ ಹಿಡೀಬೇಕು ಅನ್ನೋದ ಯಾರ್ಗೂ ಹೇಳ್ಬ್ಯಾಡಿ! ಮೊದ್ಲು ಒಲೇಲಿ ಗರಿ ಉರಿ ಹಾಕ್ಬೇಕು ಅನ್ನೋದೂ ಹೇಳ್ಬ್ಯಾಡಿ! ಎಲ್ಡು ಬೆರಳು ಸಂದು ಬುಡಬೇಕು, ಅದಂತೂ ಹೇಳ್ಲೇಬ್ಯಾಡಿ!"

"ನನಗ್ಯಾಕೆ ಹೇಳ್ತಾ ಇದೀಯಾ? ಹುಬ್ಬು ಸುಟ್ಕಂಡೋನು ನಾನೇ" ಎಂದ ಕರಿಯಪ್ಪ.

ಗೋಡೆಯಾಚೆ ಸೌದೆ ಸೀಳುವ ಸದ್ದು ಥಟ್ಟನೆ ನಿಂತಿತು.

ಹಬ್ಬ ಕಳೆದು ವಾರವಾದ ಮೇಲೆ ನೋಡಿದಾಗ ಹೊಂಬಾಳಮ್ಮನ ಕೊಳವೆ ಬಗ್ಗಿತ್ತು. ಅವಳ ಬಚ್ಚಲ ಮೇಲೆ ನೂಲಿನಷ್ಟು ಹೊಗೆ ಏಳುತ್ತಿತ್ತು. ಅಂಕಮ್ಮನ ಅಂಗಳದವರೆಗೆ ಬರುವಷ್ಟರಲ್ಲಿ ಅದು ಕರಗಿಹೋಗುತ್ತಿತ್ತು. ತೊಟ್ಟಿಯ ನೀರು ತಿಳಿಯಾಗಿತ್ತು.

"ಮೂರು ಬೆರಳಲ್ಲವೇ ಸರಿಯಾದ ಅಳತೆ?" ಎಂದು ಮೆಲ್ಲಗೆ ಕೇಳಿದೆ.

ಅಂಕಮ್ಮ ತೊಟ್ಟಿಯಿಂದ ಬೊಗಸೆಯಲ್ಲಿ ನೀರು ತೆಗೆದು ಮುಖ ತೊಳೆದುಕೊಂಡಳು. ಸೆರಗಿನಲ್ಲಿ ಒರೆಸಿಕೊಳ್ಳುತ್ತ ಗೋಡೆಯಾಚೆಯ ಆ ಎಳೆ ಹೊಗೆಯನ್ನು ತೃಪ್ತಿಯಿಂದ ನೋಡಿದಳು.

"ಸುಮ್ಕಿರಿ ಮೇಷ್ಟ್ರೇ. ಒಂದು ಬೆರಳು ನನಗಿರ್ಲಿ."