ಕೂತು ಕುಡಿಯುವ ಹಕ್ಕಿ

ಹೊರಗೆ ನಲವತ್ತೈದು ಡಿಗ್ರಿ ಬಿಸಿಲಿರುವಾಗ ಹರಿಣಾಕ್ಷಿ ಎರಡು ಸ್ವೆಟರ್ ಹಾಕಿಕೊಂಡು ಕೆಲಸ ಮಾಡುತ್ತಾಳೆ. ದುಬೈಯ ಒಂದು ಪಕ್ಷಿಧಾಮದ, ಸದಾ ತಣ್ಣಗಿಟ್ಟ ಗಾಜಿನ ಕೋಣೆಯಲ್ಲಿ ಆಂಡೀಸ್ ಪರ್ವತದ ಎರಡು ಜಾತಿಯ ಹಮ್ಮಿಂಗ್ ಹಕ್ಕಿಗಳಿವೆ. ಅವುಗಳ ಚಳಿ ಅವಳ ಚಳಿಯೂ ಆಗಿ ನಾಲ್ಕು ವರ್ಷವಾಯಿತು. ಕರಾವಳಿಯ ಶಿರ್ವದಿಂದ ಬಂದವಳು ಮೊದಲು ದುಬೈಯ ದೇರಾ ಪೇಟೆಯ ಬಟ್ಟೆ ಅಂಗಡಿಯಲ್ಲಿದ್ದಳು. ಅಲ್ಲಿಯೂ ಕುರ್ಚಿ ಇರಲಿಲ್ಲ, ಇಲ್ಲಿಯೂ ಇಲ್ಲ. ಡ್ಯೂಟಿಯಲ್ಲಿರುವವರು ಕೂರಬಾರದು ಎಂಬುದು ಯಾವ ಕಾಗದದಲ್ಲೂ ಬರೆಯದ ಕಾನೂನು.

ಆ ಕಾನೂನಿನ ರಕ್ಷಕರು ಮ್ಯಾನೇಜರ್ ಮೋಹನದಾಸರು. ದೊಡ್ಡ ತಿರುಗು ಕುರ್ಚಿಯಲ್ಲಿ ಕೂತೇ ಅವರು ಅದನ್ನು ರಕ್ಷಿಸುತ್ತಿದ್ದರು.

ಎರಡು ಜಾತಿಗಳಲ್ಲಿ ಅವರಿಗೆ ಕತ್ತಿಕೊಕ್ಕಿನ ಹಕ್ಕಿ ಇಷ್ಟ. ಅದರ ಕೊಕ್ಕು ಮೈಗಿಂತ ಉದ್ದ. ಜೋತುಬಿದ್ದ ಹೂವಿನ ಕೆಳಗೆ ಗಾಳಿಯಲ್ಲೇ ನಿಂತು ಕುಡಿಯುತ್ತದೆ. ಕೂತಾಗ ಭಾರ ತಾಳಲಾರದೆ ಕೊಕ್ಕನ್ನು ಆಕಾಶಕ್ಕೆ ಎತ್ತಿರುತ್ತದೆ. ಮೋಹನದಾಸರು ಅದನ್ನು ಸ್ವಾಭಿಮಾನವೆಂದು ತಿಳಿದು ಅತಿಥಿಗಳಿಗೆ ತೋರಿಸುತ್ತಿದ್ದರು. ಇನ್ನೊಂದು ಹಿಲ್‌ಸ್ಟಾರ್. ಮರಗಳೂ ಬೆಳೆಯದ ಎತ್ತರದ್ದು. ಅಲ್ಲಿನ ತೆಳು ಗಾಳಿಯಲ್ಲಿ, ಚಳಿಯಲ್ಲಿ ರೆಕ್ಕೆ ಬಡಿಯುವುದು ದುಬಾರಿ, ಹಾಗಾಗಿ ಅದು ಹೂವನ್ನೇ ಕಾಲಲ್ಲಿ ಹಿಡಿದು, ಕೂತು ಕುಡಿಯುತ್ತದೆ. ಹಾರಲು ಬಾರದೆಂದಲ್ಲ, ಉಳಿಯಲು ಕಲಿತದ್ದು.

ಮೋಹನದಾಸರಿಗೆ ಅದು ಸೋಮಾರಿಯಂತೆ ಕಂಡಿತು. ಟಿಕೆಟ್ ಕೊಂಡವರು ಕೂತ ಹಕ್ಕಿ ನೋಡಲು ಬರುತ್ತಾರೆಯೇ ಎಂದು ಕೇಳಿ, ಸಕ್ಕರೆನೀರಿನ ಬಾಟಲಿಗಳ ಕೆಳಗೆ ಹಕ್ಕಿ ಕೂರಲೆಂದು ಇದ್ದ ಕಡ್ಡಿಗಳನ್ನೆಲ್ಲ ಕೀಳಿಸಿದರು.

ದಿನವೂ ಹಕ್ಕಿಗಳನ್ನು ತೂಗುವುದು ಹರಿಣಾಕ್ಷಿಯ ಕೆಲಸ. ಎಂಟು ಗ್ರಾಮಿನ ಹಿಲ್‌ಸ್ಟಾರ್ ಹತ್ತು ದಿನದಲ್ಲಿ ಆರೂವರೆಗೆ ಇಳಿಯಿತು. ಇನ್ನೊಂದು ವಾರ ಹೀಗಾದರೆ ಉಳಿಯುವುದಿಲ್ಲವೆಂದು ಅವಳು ತೂಕದ ಹಾಳೆಯನ್ನು ಮ್ಯಾನೇಜರರ ಮೇಜಿನ ಮೇಲಿಟ್ಟಳು.

ಅವರು ಹಾಳೆ ನೋಡಲಿಲ್ಲ. "ಎಂತ ಹರಿಣಾಕ್ಷಿ, ಈಗ ಹಕ್ಕಿಗೂ ಕುರ್ಚಿ ಬೇಕಾ? ಇವತ್ತು ಅದಕ್ಕೆ, ನಾಳೆ ನಿನಗೆ."

ಮರುದಿನ ಅವಳು ದೇರಾದಿಂದ ಅಂಗಳ ಗುಡಿಸುವ ಒಂದು ತೆಂಗಿನ ಹಿಡಿಸೂಡಿ ತಂದಳು. ಕಡ್ಡಿಗಳನ್ನು ಮುರಿದು ಪ್ರತಿ ಬಾಟಲಿಯ ಬಾಯಿಯ ಕೆಳಗೂ ಕಟ್ಟಿದಳು. ಏಣಿ ಇಳಿಯುವ ಮೊದಲೇ ಹಿಲ್‌ಸ್ಟಾರ್ ಬಂದು ಕೂತಿತ್ತು.

ಮೂರನೆಯ ದಿನ ಮೋಹನದಾಸರ ಕಣ್ಣಿಗೆ ಬಿತ್ತು. ತೆಗೆಯದಿದ್ದರೆ ವೀಸಾ ಖಲಾಸ್ ಎಂದರು. ಊರಿನಲ್ಲಿ ಅವಳ ಮಗಳ ಕಾಲೇಜು ಇನ್ನೂ ಎರಡು ವರ್ಷವಿದೆ ಎಂಬುದು ಅವರಿಗೂ ಗೊತ್ತಿತ್ತು.

"ನಾನು ಕಟ್ಟಿದ್ದು ನಾನು ತೆಗೆಯುವುದಿಲ್ಲ ಸರ್," ಎಂದಳು ಅವಳು. "ಏಣಿ ಅಲ್ಲಿದೆ."

ಅರ್ಧ ತೋಳಿನ ಅಂಗಿಯಲ್ಲೇ ಅವರು ಒಳಗೆ ಹೋದರು. ಗಾಜಿನಾಚೆ ಇಬ್ಬರು ಹೆಂಗಸರು, ಒಂದು ಮಗು ನೋಡುತ್ತಿದ್ದರು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಹಲ್ಲು ಕಟಕಟಿಸಿತು, ಉಸಿರು ಸಿಕ್ಕಿಕೊಂಡಿತು. ಹನ್ನೆರಡು ವರ್ಷ ತಿರುಗು ಕುರ್ಚಿ ಬೆಳೆಸಿದ ಹೊಟ್ಟೆ ಏಣಿಗೆ ಒತ್ತಿಕೊಂಡಿತು. ಅವರು ಮೆಲ್ಲನೆ ಎರಡು ಮೆಟ್ಟಿಲು ಇಳಿದು, ತಿರುಗಿ, ಏಣಿಯ ಮೇಲೇ ಕೂತುಬಿಟ್ಟರು. ತಲೆಯ ಮೇಲೆ ಹಿಲ್‌ಸ್ಟಾರ್ ಹಿಡಿಸೂಡಿ ಕಡ್ಡಿ ಹಿಡಿದು ನಿಧಾನವಾಗಿ ಕುಡಿಯುತ್ತಿತ್ತು. ಮಗು ಅತ್ತ ಬೆರಳು ತೋರಿಸಿತು, ಹಕ್ಕಿಯನ್ನೋ, ಮ್ಯಾನೇಜರರನ್ನೋ.

ಹರಿಣಾಕ್ಷಿ ಒಂದು ಸ್ವೆಟರ್ ಬಿಚ್ಚಿ ಅವರ ಮಡಿಲಲ್ಲಿಟ್ಟಳು.

"ಕೂತ್ಕೊಳ್ಳಿ ಸರ್. ಇಲ್ಲಿ ಯಾರೂ ಎಂತ ಹೇಳುವುದಿಲ್ಲ."

ಕಡ್ಡಿಗಳ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ತಿಂಗಳ ಕೊನೆಗೆ ತೂಕ ಏಳೂಮುಕ್ಕಾಲು ಗ್ರಾಮಿಗೆ ಬಂತು. ಅವಳು ಅದನ್ನು ನಿಂತೇ ಬರೆದುಕೊಂಡಳು.