ಫ್ರಿಜ್ಜಿನಲ್ಲಿ ಮೊಸರಿದ್ದರೂ ಹೆಪ್ಪು

ನಮ್ಮ ಅಡುಗೆಮನೆಯ ಕಪಾಟಿನಲ್ಲಿರುವ ಸ್ಟೀಲು ಬಟ್ಟಲುಗಳನ್ನು ನೀವೊಮ್ಮೆ ತಿರುಗಿಸಿ ನೋಡಿದರೆ, ನಾನು ಪರರ ಸ್ವತ್ತಿನ ಮೇಲೆ ಬದುಕುತ್ತಿರುವ ಮನುಷ್ಯನೆಂಬ ತೀರ್ಮಾನಕ್ಕೆ ಬಂದೇ ಬರುತ್ತೀರಿ. ಪಾತ್ರೆ ಅಂಗಡಿಯವರು ಚುಕ್ಕೆ ಚುಕ್ಕೆಯಾಗಿ ಕೊರೆದುಕೊಟ್ಟ ಹೆಸರುಗಳಲ್ಲಿ ನಮ್ಮದು ಅಪರೂಪ. ಒಂದರ ಮೇಲೆ ಎದುರುಮನೆಯವರ ಗೃಹಪ್ರವೇಶ, ಇನ್ನೊಂದರ ಮೇಲೆ ಹಿಂದಿನ ಬೀದಿಯ ಯಾರದೋ ಮದುವೆ, ಮತ್ತೊಂದರ ಮೇಲೆ ತುಸು ಸೊಟ್ಟಗೆ ‘ಗಂಗಮ್ಮ’. ಹಾಗಾದರೆ ನಮ್ಮ ಹೆಸರಿನ ಬಟ್ಟಲುಗಳೆಲ್ಲಿ ಎಂದು ಹೆಂಡತಿ ಸರ್ವಮಂಗಳಳನ್ನು ಕೇಳಿದರೆ, “ಎಲ್ಲಿಗೆ ಹೋಗ್ತಾವೆ, ಬರ್ತಾವೆ ಬಿಡ್ರಿ” ಎನ್ನುತ್ತಾಳೆ. ಚಳ್ಳಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸುವ ನಾನು, ದ್ರವ್ಯ ಎಂದೂ ನಾಶವಾಗುವುದಿಲ್ಲ, ಪಕ್ಕದ ಮನೆಗೆ ಹೋಗುತ್ತದೆ ಅಷ್ಟೆ ಎಂದು ಸಮಾಧಾನ ತಂದುಕೊಂಡಿದ್ದೆ.

ಈ ಬೇಸಿಗೆಯಲ್ಲಿ ಸರ್ವಮಂಗಳ ತನ್ನ ಅಕ್ಕನ ಮಂಡಿಯ ಆಪರೇಷನ್ನಿಗೆಂದು ಮೊಳಕಾಲ್ಮೂರಿಗೆ ಹೋದಳು. ಶಾಲೆಗೆ ರಜೆ, ಮನೆಯಲ್ಲಿ ನಾನೊಬ್ಬ. ಅಲ್ಲಿಯವರೆಗೆ ಪಾಕಶಾಸ್ತ್ರಕ್ಕೂ ನನಗೂ ಇದ್ದ ನಂಟು ಕೇವಲ ಭೋಕ್ತೃವಿನದು. ಹೊರಡುವಾಗ ಅವಳು ಬೀಗದ ಕೈಗಿಂತ ಮೊದಲು ಹೇಳಿದ ಮಾತು, “ಗಂಗಕ್ಕನ ಹತ್ರ ದಿನಾ ಹೆಪ್ಪು ಇಸ್ಕೊಳ್ರಿ, ಮರೀಬೇಡ್ರಿ” ಎಂಬುದು. ಮರೆಯದಿರಲು ಮೊದಲು ಕಿವಿಗೆ ಹಾಕಿಕೊಂಡಿರಬೇಕಲ್ಲ. ನಾನು ಬಸ್ಸಿನ ವೇಳೆ ನೋಡುತ್ತಿದ್ದೆ.

ಮೊದಲ ದಿನದ ಉಪ್ಪಿಟ್ಟಿನ ಬಗ್ಗೆ ಹೆಚ್ಚು ಹೇಳಲಾರೆ. ಅದರಲ್ಲಿ ಊರಿದ ಚಮಚವನ್ನು ಎತ್ತಿದಾಗ ತಟ್ಟೆಯೂ ಜೊತೆಯಲ್ಲೇ ಎದ್ದು ಬಂತು. ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಓದುವ ಮಗಳು ನಾನು ಕಳಿಸಿದ ಅದರ ಚಿತ್ರ ನೋಡಿ ಕರುಣೆಯಿಂದ, ಫೋನಿನಲ್ಲೇ ದಾರಿ ತೋರಿಸಿ, ಒಂದು ಆ್ಯಪ್ ಹಾಕಿಸಿದಳು. “ಫ್ರಿಜ್ ಬಾಗಿಲು ತೆಗೆದು ಒಂದು ಫೋಟೊ ಹೊಡಿ ಅಪ್ಪಾ. ಮನೇಲಿ ಏನೈತೋ ಅದ್ರಲ್ಲೇ ಏನು ಮಾಡ್ಬೋದು ಅಂತ ಅದೇ ಹೇಳುತ್ತೆ” ಎಂದಳು.

ಹೇಳಿತು, ನಿಜ. ಯಾವ ಮನೆಯಲ್ಲೂ ಯಾರೂ ಆಡದ ಶುದ್ಧ ಕನ್ನಡದಲ್ಲಿ, “ದಯವಿಟ್ಟು ಈರುಳ್ಳಿಯನ್ನು ಹೊಂಬಣ್ಣಕ್ಕೆ ತನ್ನಿ” ಎಂದು ಅದು ವಿನಂತಿಸಿಕೊಳ್ಳುವಾಗ, ಜೀವನದಲ್ಲಿ ಮೊದಲ ಸಲ ನನಗೊಬ್ಬ ಮರ್ಯಾದಸ್ಥ ಗುರು ಸಿಕ್ಕನೆನಿಸಿತು. ನಮ್ಮ ಗುರೆಳ್ಳು ಪುಡಿಯನ್ನು ಕಾಫಿ ಪುಡಿಯೆಂದು ಭ್ರಮಿಸಿ ಹಾಲು ಕಾಯಿಸಲು ಹೇಳಿದ್ದೊಂದನ್ನು ಬಿಟ್ಟರೆ ಅದರ ಮೇಲೆ ನನಗೆ ದೂರಿಲ್ಲ. ಬಾಡಿದ ಬದನೆಕಾಯಿ, ಡಬ್ಬಿಯ ತಳದ ಶೇಂಗಾ, ರಾತ್ರಿ ಉಳಿದ ಅನ್ನ, ಇಷ್ಟರಲ್ಲೇ ಅದು ನನ್ನ ಕೈಯಿಂದ ಊಟವೆಂದು ಕರೆಯಬಹುದಾದ ಪದಾರ್ಥಗಳನ್ನು ಮಾಡಿಸಿತು. ಅದರ ದೊಡ್ಡ ಗುಣ ಔದಾರ್ಯ. ಕರಿಬೇವಿಲ್ಲವೆಂದರೆ, ಇಲ್ಲದಿದ್ದರೂ ನಡೆಯುತ್ತದೆ. ಹುಣಸೆಹಣ್ಣಿಲ್ಲವೆಂದರೆ, ಟೊಮೆಟೊ ಸಾಕು. ಇದ್ದ ಮೊಸರನ್ನೆಲ್ಲ ತಿಂದು ಮುಗಿಸಿ, ಹೆಪ್ಪಿಗೂ ಉಳಿಸಿಲ್ಲವೆಂದು ತಪ್ಪೊಪ್ಪಿಕೊಂಡಾಗಲೂ ಅದು ಗದರಲಿಲ್ಲ. ಬೆಚ್ಚಗಿನ ಹಾಲಿಗೆ ತೊಟ್ಟಿನ ಸಮೇತ ಹಸಿಮೆಣಸಿನಕಾಯಿ ಹಾಕಿಡಿ ಎಂದಿತು. ಬೆಳಗ್ಗೆ ಮುಚ್ಚಳ ತೆಗೆದರೆ ಹಾಲು ಮೊಸರಾಗಿತ್ತು, ನಾನು ಆರ್ಕಿಮಿಡಿಸನ ಹಾಗೆ ಬೀದಿಗೆ ಓಡುವುದೊಂದು ಬಾಕಿ.

ಗಂಗಕ್ಕ ನಮ್ಮ ಪಕ್ಕದ ಮನೆಯವರು, ನನಗಿಂತ ಹಿರಿಯರು. ಅವರ ಯಜಮಾನರು ಕುರಿಹಿಂಡಿನ ಜೊತೆ ಪರಶುರಾಂಪುರದ ಕಡೆ ಸುತ್ತಾಡುತ್ತ, ಆಗಾಗ ಮನೆಗೆ ಬಂದು ಹೋಗುತ್ತಾರೆ. ಮನೆ ಮುಂದೆ ಒಂದು ಎಮ್ಮೆ, ಒಂದು ಕರಿಬೇವಿನ ಗಿಡ, ಒಂದು ನುಗ್ಗೆ ಮರ. ಗಂಗಕ್ಕನಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅವರ ಮನೆಯಲ್ಲಿ ಫ್ರಿಜ್ಜಿಲ್ಲದ್ದರಿಂದ ಆ ಔಷಧಿ, ನೀಲಿ ಮುಚ್ಚಳದ ಒಂದು ಡಬ್ಬಿಯಲ್ಲಿ, ನಮ್ಮ ಫ್ರಿಜ್ಜಿನ ನಡುವಿನ ಅರೆಯಲ್ಲಿರುತ್ತಿತ್ತು. ಬೆಳಗ್ಗೆ ಅವರು ಸೆರಗಿನಲ್ಲಿ ಒಂದಿಷ್ಟು ಕರಿಬೇವೋ ನುಗ್ಗೆಸೊಪ್ಪೋ ತಂದುಕೊಟ್ಟು ಡಬ್ಬಿ ಒಯ್ಯುವುದು, ಆಮೇಲೆ ತಂದಿಡುವುದು. ಸಂಜೆ ದೀಪ ಹಚ್ಚುವ ಮೊದಲು, ಏಕೆಂದರೆ ಹಚ್ಚಿದ ಮೇಲೆ ಹೆಪ್ಪು ಕೊಡಬಾರದಲ್ಲ, ಸರ್ವಮಂಗಳ ಬಟ್ಟಲು ಹಿಡಿದು ಅವರ ಮನೆಗೆ ಹೋಗುವುದು. ಫ್ರಿಜ್ಜಿನಲ್ಲಿ ಪಾತ್ರೆ ತುಂಬ ಮೊಸರಿಟ್ಟುಕೊಂಡು ಒಂದು ಚಮಚ ಹೆಪ್ಪಿಗೆ ಪರದಾಡುವ ಈ ಅವೈಜ್ಞಾನಿಕ ಪದ್ಧತಿಯನ್ನು ನಾನು ಬಹಳ ಸಲ ಗೇಲಿ ಮಾಡಿದ್ದೆ.

ಮೆಣಸಿನಕಾಯಿ ಮೊಸರಿನ ಬೆಳಗ್ಗೆಯೇ ಗಂಗಕ್ಕ ಬಂದರು. “ಮೇಷ್ಟ್ರೇ, ಕರಿಬೇವು ತಂದೀನಿ. ಹೆಪ್ಪು ಕೇಳಾಕೆ ನೀವು ಬರ್ಲೇ ಇಲ್ಲ” ಎಂದರು. ನಾನು ಫೋನನ್ನು ಪ್ರಶಸ್ತಿಪತ್ರದಂತೆ ಎತ್ತಿ ಹಿಡಿದು, “ನಿಮಗ್ಯಾಕೆ ತೊಂದ್ರೆ ಗಂಗಕ್ಕ, ಇದ್ದುದ್ರಲ್ಲೇ ಮಾಡ್ಕೊಳ್ಳೋದು ಕಲ್ತೀನಿ. ಕರಿಬೇವಿಲ್ದಿದ್ರೂ ನಡೀತೈತಂತೆ. ಮೊಸರಿಗೆ ಮೆಣಸಿನಕಾಯಿ ತೊಟ್ಟೇ ಸಾಕು” ಎಂದೆ. “ಹೌದೇನ್ರಿ? ಫೋನು ಜಾಣ ಐತೆ ಬಿಡ್ರಿ” ಎಂದು ಅವರು ಕರಿಬೇವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು.

ಎರಡು ಮೂರು ದಿನ ಬರಿಗೈಯಲ್ಲಿ ಬಂದರು. ಬಾಗಿಲಲ್ಲಿ ನಿಂತು, ಸೆರಗು ಸರಿಮಾಡಿಕೊಂಡು, ಬರಲೇ ಎಂದು ಕೇಳಿದ ಮೇಲೆ ಒಳಗೆ ಬರುತ್ತಿದ್ದರು. ಆಮೇಲೊಂದು ಬೆಳಗ್ಗೆ, “ಡಬ್ಬಿ ನಮ್ಮನೇಲೇ ಇಟ್ಕೊಳ್ತೀನ್ರಿ, ನಿಮಗೂ ಜಾಗ ಬೇಕಲ್ಲ. ಗಡಿಗೆಗೆ ಒದ್ದೆ ಬಟ್ಟೆ ಸುತ್ತಿದ್ರೆ ತಣ್ಣಗಿರ್ತೈತೆ” ಎಂದರು. ಪ್ರಿಯ ಓದುಗರೇ, ಆ ಕ್ಷಣದಲ್ಲಿ ವಿವೇಕವಿರುವ ಯಾರಾದರೂ ಬೇಡವೆನ್ನುತ್ತಿದ್ದರು. ನಾನು ವಿಜ್ಞಾನದ ಮೇಷ್ಟ್ರು. ಬಾಷ್ಪೀಭವನದಿಂದ ಉಷ್ಣ ಹೇಗೆ ಕಡಿಮೆಯಾಗುತ್ತದೆಂದು ಗಂಗಕ್ಕನನ್ನು ನಿಲ್ಲಿಸಿಕೊಂಡು ಸವಿಸ್ತಾರವಾಗಿ ಪಾಠ ಮಾಡಿದೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿ, ಡಬ್ಬಿ ತೆಗೆದುಕೊಂಡು ಹೋದರು.

ಮುಂದಿನ ವಾರ, ಆ್ಯಪಿನ ಸಲಹೆಯಂತೆ ಫ್ರಿಜ್ಜನ್ನು ಒಪ್ಪವಾಗಿ ಜೋಡಿಸಿ ಫೋಟೊ ತೆಗೆದೆ. ಅದು ಬದನೆಕಾಯಿ, ಹಾಲು, ಮೊಸರು, ತೆಂಗಿನಕಾಯಿಯ ಹೋಳು, ಎಲ್ಲವನ್ನೂ ತಪ್ಪಿಲ್ಲದೆ ಗುರುತಿಸಿ ನನ್ನ ಅಚ್ಚುಕಟ್ಟುತನವನ್ನು ಹೊಗಳಿತು. ಇನ್ನಷ್ಟು ಹೊಗಳಿಕೆಯ ಆಸೆಯಿಂದ ಅದೇ ಚಿತ್ರವನ್ನು ಮೊಳಕಾಲ್ಮೂರಿಗೂ ಕಳಿಸಿದೆ. ಕೂಡಲೇ ಫೋನು ಬಂತು. ಹಿಂದೆ ಅವಳ ಭಾವನ ಸೀರೆ ಮಗ್ಗಗಳ ಸದ್ದು.

“ಗಂಗಕ್ಕನ ಡಬ್ಬಿ ಎಲ್ರೀ?”

ನಾನು ಗಡಿಗೆಯ ವಿಷಯ ಹೇಳಿದೆ. ಬಾಷ್ಪೀಭವನವನ್ನೂ ಸೇರಿಸಿದೆ. ಅವಳು ಮಗ್ಗದ ಹತ್ತಿರದಿಂದ ಎದ್ದು ಆಚೆ ಬಂದಳೆಂದು ಕಾಣುತ್ತದೆ, ಸದ್ದು ನಿಂತಿತು. “ಅಲ್ರೀ, ಗಂಗಕ್ಕ ಏನೂ ಕೊಡ್ದೆ ಒಬ್ಬರ ಮನೆ ಹೊಸ್ತಿಲು ದಾಟ್ತಾಳೇನ್ರಿ? ಮನೇಲಿ ಮೊಸರಿಲ್ಲ ಅಂತ ನಾನು ದಿನಾ ಹೆಪ್ಪು ಕೇಳ್ತಿದ್ನಾ? ನಾನು ಹೋಗಿ ಕೇಳಿದ್ರೆ ತಾನೇ ಅವಳು ಬಂದು ಇಡೋದು? ಈ ಬಿಸಿಲಲ್ಲಿ ಆ ಔಷಧಿ ಉಳೀತೈತೇನ್ರಿ?”

ಫ್ರಿಜ್ಜಿನಲ್ಲಿ ಇದ್ದದ್ದನ್ನೆಲ್ಲ ಫೋನು ಕಂಡಿತ್ತು, ಇಲ್ಲದ್ದನ್ನು ಅವಳು ಅಷ್ಟು ದೂರದಿಂದ ಕಂಡಿದ್ದಳು. ಆ ಬಾಗಿಲನ್ನು ದಿನಾ ತೆಗೆದು ಮುಚ್ಚುತ್ತಿದ್ದವನು ಮಾತ್ರ ಏನನ್ನೂ ಕಂಡಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಹೊತ್ತು ಮುಳುಗಲು ಸ್ವಲ್ಪವೇ ಇತ್ತು. ಕೈಗೆ ಸಿಕ್ಕ ಬಟ್ಟಲು ಹಿಡಿದು ಓಡಿದೆ. ಗಂಗಕ್ಕ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. “ಯಾಕೋ ಎರಡು ದಿನದಿಂದ ತಲೆ ತಿರುಗ್ತೈತ್ರಿ, ಬಿಸಿಲಿಗೇ ಇರ್ಬೇಕು” ಎಂದರು. ಮೂಲೆಯ ಗಡಿಗೆಯನ್ನು ಮುಟ್ಟಿ ನೋಡಿದೆ. ಸುತ್ತಿದ ಬಟ್ಟೆ ಒಣಗಿತ್ತು, ಗಡಿಗೆ ಬೆಚ್ಚಗಿತ್ತು. ನನ್ನ ಪಾಠದಲ್ಲಿ ಬಟ್ಟೆ ಎಂದೂ ಒಣಗುವುದಿಲ್ಲ.

“ಗಂಗಕ್ಕ, ಒಂಚೂರು ಹೆಪ್ಪು ಬೇಕಿತ್ತು” ಎಂದೆ.

“ನಿಮ್ಮ ಮೆಣಸಿನಕಾಯಿಗೆ ಏನಾತ್ರಿ?”

“ಅದರ ಮೊಸರು ಬಾಯಿಗೆ ಹತ್ತಲಿಲ್ಲ.”

ಅವರು ನಕ್ಕರು. ಗೋಡೆ ಹಿಡಿದು ಎದ್ದು, ನಾನು ಬೇಡವೆಂದರೂ ಕೇಳದೆ, ಒಳಗೆ ಹೋಗಿ ಹೆಪ್ಪು ತಂದರು, ಮೇಲೊಂದು ಎಸಳು ಕರಿಬೇವನ್ನೂ ಇಟ್ಟರು. “ಇದಿಲ್ದೆ ಒಗ್ಗರಣೆ ಹೆಂಗ್ರಿ ನಡೀತೈತೆ?” ಎಂದರು. ನಡೆಯುವುದಿಲ್ಲವೆಂದು ಮನಸಾರೆ ಒಪ್ಪಿಕೊಂಡೆ. ಆಮೇಲೆಯೇ ಆಸ್ಪತ್ರೆಯ ಮಾತೆತ್ತುವ ಧೈರ್ಯ ಬಂದದ್ದು. ಆಟೋ ಕರೆಸಿದೆ. ಡಾಕ್ಟರು ನೋಡಿದರು, ಸಕ್ಕರೆ ಏರಿತ್ತು. ಗಡಿಗೆಯ ಔಷಧಿಯನ್ನು ಬಿಸಾಡಿಸಿ, ಹೊಸದನ್ನು ಕೊಡಿಸಿ, ಸದ್ಯ ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಇದನ್ನು ತಣ್ಣಗಿಡಲು ಜಾಗ ಉಂಟೇನಮ್ಮ ಎಂದು ನರ್ಸು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಗಂಗಕ್ಕ ಹೇಳಿದರು.

“ಐತೆ ಕಣವ್ವ. ಮೇಷ್ಟ್ರ ಮನೆ ಫ್ರಿಜ್ಜಲ್ಲಿ ನಮ್ದೊಂದು ಜಾಗ ಐತೆ.”

ಈಗ ಫೋಟೊ ತೆಗೆದರೆ ಆ್ಯಪಿಗೆ ನನ್ನ ಮೇಲೆ ತುಸು ಬೇಸರ. ಮೊಸರು ಅಗತ್ಯಕ್ಕಿಂತ ಹೆಚ್ಚಾಗಿದೆ, ಮತ್ತೆ ಹೆಪ್ಪು ಹಾಕಬೇಡಿ ಎನ್ನುತ್ತದೆ. ನೀಲಿ ಮುಚ್ಚಳದ ಡಬ್ಬಿಯಲ್ಲಿರುವುದನ್ನು ಅಡುಗೆಗೆ ಬಳಸಬೇಕೇ ಎಂದು ಕೇಳುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ, ಅದು ಕಲಿಸಿದ ಬದನೆಕಾಯಿ ಪಲ್ಯ ಈಗ ನಾಲ್ಕು ಜನರಿಗೆ ಬಡಿಸುವಷ್ಟು ಕುದುರಿದೆ.

ನಿನ್ನೆ ಸಂಜೆ ದೀಪ ಹಚ್ಚುವ ಮೊದಲು ಕಪಾಟು ತೆಗೆದೆ. ನಮ್ಮ ಹೆಸರಿನ ಬಟ್ಟಲು ಒಂದೂ ಇರಲಿಲ್ಲ. ‘ಗಂಗಮ್ಮ’ ಎಂದಿರುವುದನ್ನೇ ಎತ್ತಿಕೊಂಡೆ. ಬರಿದಾದ ಬಟ್ಟಲನ್ನು ಕಳಿಸಬಾರದೆಂದು ಸರ್ವಮಂಗಳ ಹೇಳುತ್ತಿರುತ್ತಾಳಲ್ಲ, ಅದಕ್ಕೆ ಪಲ್ಯ ತುಂಬಿದೆ. ರುಚಿ ನೋಡಿದರೆ ಉಪ್ಪು ಒಂದು ಚಿಟಿಕೆ ಹೆಚ್ಚಾಗಿತ್ತು. ನಡೆಯುತ್ತದೆ ಎಂದುಕೊಂಡು ಹೊರಟೆ, ಈ ಸಲ ಫೋನನ್ನು ಕೇಳಲಿಲ್ಲ.