ಅಗ್ಗದ ಎಂಜಿನ್ನುಗಳ ಅಚ್ಯುತರಾಯರು

ಅಂಗಡಿಯವರು ಮಾದರಿ ರೈಲಿನ ಎಂಜಿನ್ನನ್ನು ಬಣ್ಣ ತೋರಿಸಿ ಮಾರುತ್ತಾರೆ. ಅಚ್ಯುತರಾಯರು ಬಣ್ಣದ ಕಡೆ ನೋಡುತ್ತಲೇ ಇರಲಿಲ್ಲ. ಗೇಣುದ್ದದ ಆ ಎಂಜಿನ್ನನ್ನು ಕೈಗೆತ್ತಿಕೊಂಡು, ತೆಂಗಿನಕಾಯಿ ಆರಿಸುವವರ ಹಾಗೆ ಕಿವಿಯ ಹತ್ತಿರ ಅಲುಗಾಡಿಸುವರು. ತಲೆಕೆಳಗು ಮಾಡಿ ಗಾಲಿಗಳನ್ನು ಉಗುರಿನಿಂದ ತಿರುಗಿಸುವರು. ಹಳಿಯ ಮೇಲಿಟ್ಟು ಓಡಿಸಿದ ಮೇಲೆ ಎತ್ತಿ ಮೂಸುವರು. ಸುಟ್ಟ ವಾಸನೆ ಬಂದರೆ ಮುಗಿಯಿತು. ಇಷ್ಟೆಲ್ಲ ಆದಮೇಲೆ ಕೊನೆಯ ಪರೀಕ್ಷೆ, ಇರುವೆ ಹರಿದಷ್ಟು ನಿಧಾನವಾಗಿ ನಡೆಸುವುದು.

“ಜೋರಾಗಿ ಓಡೋದು ಎಲ್ಲಾ ಎಂಜಿನ್ನಿಗೂ ಬರುತ್ತೆ ಕಣಯ್ಯ. ಮೆಲ್ಲಗೆ ನಡಿಯೋಕೆ ಬರುತ್ತಾ, ಅದನ್ನ ಕೇಳು.”

ಇರ್ಫಾನ್ ಈ ಮಾತನ್ನು ಮೊದಲು ಕೇಳಿದ್ದು ತಿರುವನಂತಪುರದಿಂದ ಕೊಚ್ಚಿಗೆ ಬರುವ ರೈಲಿನಲ್ಲಿ. ಹಾಸನದ ಹುಡುಗ, ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ. ಎದುರಿನ ಸೀಟಿನ ಹಿರಿಯರು ಮಡಿಲಲ್ಲಿ ಪೇಪರ್ ಹಾಸಿಕೊಂಡು ಒಂದು ಪುಟಾಣಿ ಎಂಜಿನ್ನಿನ ಹೊಟ್ಟೆ ಬಿಚ್ಚಿಟ್ಟಿದ್ದರು. ಅಷ್ಟರಲ್ಲಿ ಫೋನು ಬಂತು. “ಆಯ್ತು ಕಣೆ, ಬಾಳೆಕಾಯಿ ಚಿಪ್ಸು ತಾನೇ, ಮರೀದೆ ತರ್ತೀನಿ” ಎಂದು ಅಚ್ಚ ಮೈಸೂರಿನ ಕನ್ನಡದಲ್ಲಿ ಹೇಳಿ ಇಟ್ಟರು. ಇರ್ಫಾನ್‌ನಿಗೆ ಸುಮ್ಮನಿರಲಾಗಲಿಲ್ಲ. “ಸಾರ್, ನನ್ನ ಹತ್ರಾನೂ ಒಂದಿದೆ. ತಿರುವಿನಲ್ಲೆಲ್ಲ ಮುಷ್ಕರ ಮಾಡುತ್ತೆ” ಎಂದ. ಎರ್ನಾಕುಲಂನಲ್ಲಿ ಇಳಿಯುವ ಹೊತ್ತಿಗೆ ಇಬ್ಬರೂ ಸ್ನೇಹಿತರಾಗಿದ್ದರು. ತಂದೆ ಮಗನಷ್ಟು ಅಂತರವಿದ್ದರೂ ಅದು ಸ್ನೇಹವೇ.

ಅಚ್ಯುತರಾಯರು ಚಿಕ್ಕ ವಯಸ್ಸಿನಲ್ಲೇ ಮೈಸೂರು ಬಿಟ್ಟು ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದಕ್ಕೆ ಸೇರಿದವರು. ಆಕಾಶಕ್ಕೆ ಹೋಗಬೇಕಾದ ಉಪಕರಣಗಳನ್ನು ಭೂಮಿಯ ಮೇಲೆಯೇ ಗಡಗಡ ನಡುಗಿಸಿ, ಕಾಯಿಸಿ, ತಣ್ಣಗಾಗಿಸಿ ನೋಡುವುದು ಅವರ ಉದ್ಯೋಗ. “ಜೀವಮಾನವೆಲ್ಲ ಅಲ್ಲಾಡಿಸಿದ್ದೇ ಆಯ್ತು. ಚಾಲೆ ಮಾರ್ಕೆಟ್ಟಿಗೆ ಹೋದ್ರೆ ಕುಂಬಳಕಾಯಿನೂ ಅಲ್ಲಾಡಿಸ್ತಾರೆ” ಎಂದು ಹೆಂಡತಿ ಹಂಸಾ ಬಂದವರ ಮುಂದೆಲ್ಲ ಹೇಳುತ್ತಿದ್ದರು. ರಾಯರು ನಗುತ್ತ, “ನಿನ್ನನ್ನ ಮಾತ್ರ ಪರೀಕ್ಷೆ ಮಾಡದೆ ತಂದೆ” ಎನ್ನುತ್ತಿದ್ದರು. “ಅದಕ್ಕೇ ಇಷ್ಟು ದಿನ ಬಾಳಿಕೆ ಬಂದಿದೀನಿ” ಎಂಬುದು ಹಂಸಾರ ಉತ್ತರ.

ನಿವೃತ್ತಿಯ ನಂತರ ಅವರು ಹಿಡಿದದ್ದು ಅಗ್ಗದ ಎಂಜಿನ್ನುಗಳನ್ನು ಮಾತ್ರ. ದುಬಾರಿ ಎಂಜಿನ್ನಿಗೆ ಅದರ ಬೆಲೆಯೇ ಸರ್ಟಿಫಿಕೇಟು, ಅಗ್ಗದ್ದಕ್ಕೆ ಯಾರಾದರೂ ಕೊಡಬೇಕಲ್ಲ ಎನ್ನುತ್ತಿದ್ದರು. ಕೊಚ್ಚಿಯ ಕಲೂರಿನಲ್ಲಿ ಹವ್ಯಾಸದ ಸಾಮಾನು ಮಾರುವ ಜೋಸೆಫ್, ಇರ್ಫಾನ್, ಇನ್ನೂ ಕೆಲವರು ಸೇರಿ ಕಟ್ಟಿದ ಸಣ್ಣ ಬಳಗದಲ್ಲಿ ಯಾರು ಹೊಸ ಎಂಜಿನ್ನು ಕೊಂಡರೂ ಮೊದಲು ರಾಯರ ಕೈಗೆ ಹೋಗಬೇಕು. ಅವರು ಒಳ್ಳೆಯದು, ಕೆಟ್ಟದ್ದು ಎಂದು ಎಂದೂ ಹೇಳಿದವರಲ್ಲ. ಎಲ್ಲಿ ನಿಲ್ಲುತ್ತದೆ ಎಂದು ಹೇಳುತ್ತಿದ್ದರು. “ಇದು ಮಳೆಗಾಲದಲ್ಲಿ ಬೆಳಗ್ಗೆ ಏಳೋದಿಲ್ಲ, ಸ್ವಲ್ಪ ಬಿಸಿಲು ತೋರಿಸು.” “ಇದಕ್ಕೆ ಏರು ಆಗಲ್ಲ, ಮೂರು ಡಬ್ಬಿಗಿಂತ ಜಾಸ್ತಿ ಕಟ್ಟಬೇಡ.”

ತಮಗಾಗಿ ಕೊಳ್ಳುವಾಗ ಒಂದೇ ಥರದ್ದು ಎರಡು ಕೊಳ್ಳುವರು. ಅದು ಸಂಸ್ಥೆಯ ರೂಢಿ. ಜೋಡಿಯಲ್ಲಿ ಒಂದಕ್ಕೆ ಎಲ್ಲ ಹಿಂಸೆ, ಅದು ನೆಲದಲ್ಲೇ ಉಳಿಯುತ್ತದೆ. ಆಕಾಶಕ್ಕೆ ಹೋಗುವುದು ಇನ್ನೊಂದು.

ಕೊನೆಯದಾಗಿ ತಂದದ್ದು ಒಂದು ನೀಲಿ ಡೀಸೆಲ್ ಎಂಜಿನ್ನಿನ ಜೋಡಿ. ಅದರಲ್ಲಿ ಒಂದನ್ನು ಕೊಚ್ಚಿಗೇ ತಂದು, ಬಳಗದ ಹಳಿಯ ಮೇಲೆ ಇಡೀ ದಿನ ಓಡಿಸಿ, ಇರ್ಫಾನ್‌ನನ್ನು ಕರೆದು ತೋರಿಸಿದ್ದರು. “ಸ್ಟೇಷನ್ನಿಗೆ ನುಗ್ಗೋ ಕಡೆ ಹಳಿ ಕವಲೊಡೆಯುತ್ತಲ್ಲ, ಅಲ್ಲಿ ಹಳೀಲಿ ಒಂದು ಚೂರು ಪ್ಲಾಸ್ಟಿಕ್ಕು, ಎಂಜಿನ್ನಿಗೆ ಕರೆಂಟು ಸಿಗಲ್ಲ. ನಿಧಾನಕ್ಕೆ ಬಂದ್ರೆ ಅಲ್ಲಿ ನಿಲ್ಲುತ್ತೆ. ಬೇರೆಲ್ಲೂ ನಿಲ್ಲೋದಿಲ್ಲ.”

ಮಳೆಗಾಲ ಮುಗಿಯುವ ಮುಂಚೆ ರಾಯರ ಹೃದಯ ನಿಂತಿತು. ಅದು ಎಲ್ಲಿ ನಿಲ್ಲಬಹುದೆಂದು ಯಾರಿಗೂ ಗೊತ್ತಿರಲಿಲ್ಲ.

ಬಳಗದವರು ಅವರ ನೆನಪಿಗೆ ಕಲೂರಿನ ಸಭಾಂಗಣವೊಂದರಲ್ಲಿ ಬಳಗದ ಹಳಿಯನ್ನೇ ಹಾಸಿ ರೈಲು ಪ್ರದರ್ಶನ ಇಟ್ಟುಕೊಂಡರು. ಇಷ್ಟು ವರ್ಷ ಒಮ್ಮೆಯೂ ಬಾರದ ಹಂಸಾ ಈ ಸಲ ಬರುತ್ತೇನೆಂದರು. ಎಂಜಿನ್ನುಗಳನ್ನು ತರಲು ತಿರುವನಂತಪುರಕ್ಕೆ ಹೋಗಿದ್ದ ಇರ್ಫಾನ್‌ನಿಗೆ ಚಹಾ ಕೊಡುತ್ತ, “ಅಷ್ಟು ದೂರ ಬಂದು ನಿಂತಿರೋ ರೈಲು ನೋಡೋ ಹಾಗೆ ಮಾಡಬೇಡಪ್ಪ” ಎಂದರು. ತಮಾಷೆಗೇ ಅಂದದ್ದು. ಆದರೆ ಮನೆ ಇಷ್ಟು ನಿಶ್ಶಬ್ದವಾಗಿದ್ದುದನ್ನು ಅವನು ಎಂದೂ ಕಂಡಿರಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಅವರ ಕಣ್ಣೆದುರು ರೈಲು ನಿಲ್ಲಬಾರದು.

ಆ ನೀಲಿ ಜೋಡಿಯಲ್ಲಿ ಓಡಬೇಕಾದದ್ದು ಯಾವುದು ಎಂಬ ಅನುಮಾನವೇ ಅವನಿಗೆ ಬರಲಿಲ್ಲ. ರಾಯರ ಬೆರಳು ತಾಗಿ ತಾಗಿ ಬಣ್ಣ ಬೋಳಾದದ್ದು ಪರೀಕ್ಷೆಯ ಹಿಂಸೆ ತಿಂದದ್ದು, ನೆಲದಲ್ಲೇ ಉಳಿಯಬೇಕಾದದ್ದು. ಪೆಟ್ಟಿಗೆಯಿಂದಲೇ ಹೊರಬಾರದ, ಫಳಫಳ ಹೊಳೆಯುವ ಅದರ ಜೋಡಿಯೇ ಓಡಬೇಕು. ಪ್ರದರ್ಶನದ ಹಿಂದಿನ ಸಂಜೆ ಅದನ್ನು ಹಳಿಗೆ ಹಚ್ಚಿ, ರಾಯರ ಹಾಗೆ ಕಿವಿಗೊಟ್ಟ. ಟಿಕ್. ಗಾಲಿ ಒಂದು ಸುತ್ತು ಬಂತು. ಮತ್ತೆ ಟಿಕ್. ಬಿಚ್ಚಿ ನೋಡಿದರೆ ಅಚ್ಚಿಗೆ ಬಿಗಿದ ಪ್ಲಾಸ್ಟಿಕ್ ಹಲ್ಲುಗಾಲಿ ಕೂದಲೆಳೆಯಷ್ಟು ಸೀಳಿತ್ತು. ಒಂದು ದಿನವೂ ದುಡಿಯದೆ, ಪೆಟ್ಟಿಗೆಯಲ್ಲಿ ಕೂತಲ್ಲೇ ಸೀಳಿತ್ತು. ಬದಲಿಗೆ ಹಾಕಲು ಬೇರೆ ಹಲ್ಲುಗಾಲಿ ಇರಲಿಲ್ಲ.

ಬೆಳಿಗ್ಗೆ ಬೋಳು ಎಂಜಿನ್ನನ್ನೇ ಹಳಿಗಿಟ್ಟ. ಜೋಸೆಫ್ ಹಣೆ ಚಚ್ಚಿಕೊಂಡು ಮಲಯಾಳದಲ್ಲಿ ಬೈದ: “ಎಡಾ, ಹಂಸಾ ಚೇಚ್ಚಿ ಬರ್ತಿದ್ದಾರೆ. ಈ ಕಜ್ಜಿ ಹಿಡಿದದ್ದು ಬಿಟ್ಟು ಬೇರೇನೂ ಸಿಗಲಿಲ್ವಾ ನಿನಗೆ?”

“ಇದರ ಗುಣ ಗೊತ್ತು ಜೋಸೆಫ್ ಚೇಟ್ಟಾ. ಬೇರೆಯದ್ದು ಗೊತ್ತಿಲ್ಲ.”

ಗುಣ ಗೊತ್ತಿದ್ದುದರಿಂದಲೇ ಅವನು ಅದನ್ನು ಜೋರಾಗಿ ಓಡಿಸಿದ. ಕವಲಿನ ಮೇಲೆ ಎಂಜಿನ್ನು ಪ್ರತಿಸಲ ಹಾರಿದಂತೆ ದಾಟಿತು. ಡಬ್ಬಿಗಳು ತಿರುವಿನಲ್ಲಿ ವಾಲಿದವು. ಬಂದವರು ಫೋನು ಹಿಡಿದು ವಿಡಿಯೋ ಮಾಡಿಕೊಂಡರು.

ಹಂಸಾ ಬಂದವರು ಕೈಚೀಲವನ್ನೂ ಕೆಳಗಿಡದೆ ಹಳಿಯ ಪಕ್ಕ ನಿಂತರು. ರೈಲು ಎರಡು ಮೂರು ಸುತ್ತು ಬರುವುದನ್ನು ನೋಡಿದರು.

“ಇದ್ಯಾಕೋ ಇರ್ಫಾನ್, ಪೊಲೀಸ್ರು ಅಟ್ಟಿಸಿಕೊಂಡು ಬಂದಿರೋ ಹಾಗೆ ಓಡಿಸ್ತಿದೀಯ? ಅವ್ರು ಹೀಗೆ ಓಡಿಸ್ತಿರಲಿಲ್ಲ.”

“ನಿಧಾನ ಮಾಡಿದ್ರೆ ನಿಂತ್ಬಿಡುತ್ತೆ ಆಂಟಿ.”

“ಎಲ್ಲಿ?”

“ಅಲ್ಲಿ, ಆ ಕವಲಲ್ಲಿ. ಸಾರ್ ಹೇಳಿದ್ರು.”

ಹಂಸಾ ಆ ಕವಲನ್ನು ಸ್ವಲ್ಪ ಹೊತ್ತು ನೋಡಿದರು. “ಅವ್ರು ಹೇಳಿದ್ರಾ? ಹಾಗಾದ್ರೆ ನಿಧಾನ ಮಾಡು. ನೋಡೋಣ.”

ಇರ್ಫಾನ್ ವೇಗದ ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದ. ಎಂಜಿನ್ನು ನಿಧಾನವಾಯಿತು, ಇನ್ನೂ ನಿಧಾನವಾಯಿತು. ಸೇತುವೆ ದಾಟಿತು, ದೊಡ್ಡ ತಿರುವನ್ನು ದಾಟಿತು. ಇರುವೆಯ ಹಾಗೆ ಹರಿಯುತ್ತ ಸ್ಟೇಷನ್ನಿನ ಕಡೆ ಬಂತು. ಕವಲಿನ ಮೇಲೆ ಬಂದದ್ದೇ ನಿಂತಿತು.

ಜೋಸೆಫ್ “ಅಯ್ಯೋ” ಎಂದ.

“ನೋಡಿದ್ಯಾ, ಹೇಳಿದ ಕಡೆನೇ ನಿಂತಿದೆ” ಎಂದರು ಹಂಸಾ. ಅವರ ಕಣ್ಣು ತುಂಬಿತ್ತು. ಆದರೆ ದನಿಯಲ್ಲಿದ್ದದ್ದು, ಗಂಡ ಜಗಳದಲ್ಲಿ ಮತ್ತೆ ಗೆದ್ದನಲ್ಲ ಎಂಬ ಹಳೆಯ ಹುಸಿಮುನಿಸು. ಚೀಲವನ್ನು ಕೆಳಗಿಟ್ಟು ಬಗ್ಗಿ, ಬಣ್ಣ ಬೋಳಾದ ಜಾಗದಲ್ಲಿ ಬೆರಳಿಟ್ಟು ಒಂದಿಷ್ಟು ತಳ್ಳಿದರು. ಎಂಜಿನ್ನು ಹೊರಟಿತು.

ಇರ್ಫಾನ್ ವೇಗ ಹೆಚ್ಚಿಸಲು ಹೋದ. ಅವರು ತಲೆ ಅಲ್ಲಾಡಿಸಿದರು. ಮುಂದಿನ ಸುತ್ತಿಗೆ ರೈಲು ಬರುವ ಹೊತ್ತಿಗೆ, ಒಂದು ಕುರ್ಚಿ ಎಳೆದುಕೊಂಡು ಕವಲಿನ ಪಕ್ಕ ಬೆರಳು ಸಿದ್ಧ ಮಾಡಿಕೊಂಡು ಕೂತಿದ್ದರು.